ಅಕ್ಕನ ಟಾನಿಕ್ಕು ಲೀಡ್ಸಿಗೆ ಹೋದದ್ದು

ಕಡೂರು

ಪರದೇಶಕ್ಕೆ ಹೋಗಿಬಂದವರನ್ನು ಕೇಳಿದರೆ ಮೋಡದ ಮೇಲಿನ ಸೂರ್ಯೋದಯದ ವಿಷಯ ಹೇಳುತ್ತಾರೆ. ನನ್ನನ್ನು ಕೇಳಿದರೆ ನಾನು ಸೊಂಟನೋವಿನ ವಿಷಯ ಹೇಳುತ್ತೇನೆ. ಕಡೂರು ಸ್ಟೇಷನ್ನಿನಲ್ಲಿ ಹಿಡಿದದ್ದು, ಇಂಗ್ಲೆಂಡಿಗೂ ನನ್ನ ಜೊತೆಗೇ ಬಂತು. ಟಿಕೆಟ್ಟಿಲ್ಲದೆ ಬಂದದ್ದು ಅದೊಂದೇ.

ಹೋಗಬೇಕಾಗಿದ್ದವಳು ನಾನಲ್ಲ, ನಮ್ಮಕ್ಕ. ಅವಳ ಮಗಳು ಉಮಾ ಗಂಡನ ಕೆಲಸದ ದೆಸೆಯಿಂದ ಲೀಡ್ಸ್ ಎಂಬ ಊರಿನಲ್ಲಿದ್ದಳು, ಚೊಚ್ಚಲ ಹೆರಿಗೆ. ಬಾಣಂತನಕ್ಕೆ ತಾಯಿ ಹೋಗದೆ ಇನ್ಯಾರು ಹೋಗುತ್ತಾರೆ? ತರೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟ ಭಾವನಿಗೆ ಅಂಗಡಿ ಬಿಟ್ಟು ಬರಲಾಗದು. ಅಕ್ಕನಿಗೆ ಇಂಗ್ಲಿಷ್ ಬಾರದು. ಅಜ್ಜಂಪುರದ ಮಿಡ್ಲ್ ಸ್ಕೂಲಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವ, ಗಂಡ ಮಕ್ಕಳಿಲ್ಲದ ತಂಗಿಯೊಬ್ಬಳಿದ್ದಾಳಲ್ಲ, ಅವಳಿಗೆ ರಜೆ ಹಾಕಿಸಿದರಾಯಿತು. ಹೀಗೆ ನನ್ನ ವಿದೇಶ ಪ್ರವಾಸ ನಿಶ್ಚಯವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಬೊಂಬಾಯಿ ಕಡೆಯ ಗಾಡಿ ಹಿಡಿಯಲು ತರೀಕೆರೆಯವರಿಗೆ ಬೀರೂರು ಹತ್ತಿರದ ಸ್ಟೇಷನ್ನು. ಆದರೆ ತೌರೂರಾದ ಕಡೂರಿನ ಬಾವಿ ನೀರು ಕುಡಿದೇ ಹೊರಡಬೇಕೆಂದು ಅಕ್ಕನ ಹಟ. ಆ ಹಟಕ್ಕೆ ನಾವು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದೆವು. ಸಾಮಾನಿನಲ್ಲಿ ಬಾಣಂತಿ ಲೇಹ್ಯ, ಮೆಣಸಿನಪುಡಿ, ಬೆಳ್ಳುಳ್ಳಿ. ಇವಲ್ಲದೆ ಹಳೇ ಸೀರೆಗಳಲ್ಲಿ ಸುತ್ತಿದ ಟಾನಿಕ್ಕಿನ ಬಾಟ್ಲಿಗಳಿದ್ದವು. ಕುಲುಕಿದರೆ ಮಗು ಎಚ್ಚರವಾಗುತ್ತದೆಯೋ ಎಂಬಂತೆ ಆ ಚೀಲವನ್ನು ಅಕ್ಕ ತಾನೇ ಹಿಡಿದಿದ್ದಳು.

ಟಾನಿಕ್ಕು ಎಂದರೆ ದ್ರಾಕ್ಷಾರಿಷ್ಟ. ತರೀಕೆರೆಯ ಪಂಡಿತರೊಬ್ಬರ ಅಂಗಡಿಯದು. ಉಮಾ ಹುಟ್ಟಿದಾಗ ಅಕ್ಕನಿಗೆ ರಕ್ತ ಹೋಗಿ ಸುಸ್ತಾಗಿತ್ತು. ಅತ್ತೆ ಇದನ್ನು ಕುಡಿಸಿ ಎಬ್ಬಿಸಿ ಕೂರಿಸಿದರು. ನಮ್ಮ ಕಡೆ ಬಾಣಂತಿಯರಿಗೆಲ್ಲ ಇದನ್ನು ಕೊಡುತ್ತಾರೆ, ಬಾಣಂತನ ಮುಗಿದ ಮೇಲೆ ನಿಲ್ಲಿಸುತ್ತಾರೆ. ಅಕ್ಕ ನಿಲ್ಲಿಸಲಿಲ್ಲ. ಎದೆ ಡವಗುಟ್ಟುತ್ತೆ ಅಂತ ತೆಗೆದುಕೊಂಡಳು, ಕಾಲು ಸೆಳೆತಕ್ಕೆ ತೆಗೆದುಕೊಂಡಳು, ಸೋಮವಾರದ ಉಪವಾಸದಲ್ಲಿ ತ್ರಾಣಕ್ಕೆ ತೆಗೆದುಕೊಂಡಳು. ಪಂಡಿತರ ಚಮಚ ಹೋಗಿ ಯಾವಾಗಲೋ ಸ್ಟೀಲಿನ ಲೋಟ ಬಂದಿತ್ತು.

ಗಾಡಿ ಬೀರೂರು ದಾಟಿ ಅಜ್ಜಂಪುರದಲ್ಲಿ ನಿಂತಿತು. ಪ್ಲಾಟ್‌ಫಾರಂ ಮೇಲೆ ನಮ್ಮಣ್ಣ ಚಂದ್ರಣ್ಣ ನಿಂತಿದ್ದ. ಅಕ್ಕನಿಗೆ ತಮ್ಮ, ನನಗೆ ಅಣ್ಣ. ಅಜ್ಜಂಪುರದಲ್ಲೇ ಸೈಕಲ್ ಶಾಪ್ ಇಟ್ಟವನು. ಕೈಯಲ್ಲಿ ಪೇಪರಿನ ಪೊಟ್ಟಣ. ಅಕ್ಕ ಅವನನ್ನು ನೋಡಿದಳು, ಕಿಟಕಿಯ ಬಾಗಿಲನ್ನು ದಡಾರನೆ ಕೆಳಗೆ ಎಳೆದಳು.

ಕಾರಣ ಹೇಳಬೇಕು. ನಮ್ಮಪ್ಪ ಲಿಂಗೈಕ್ಯರಾದಾಗ ಗಣಾರಾಧನೆಯ ದಿನ, ಜಂಗಮರು ಪಂಕ್ತಿಯಲ್ಲಿ ಕೂತಿರುವಾಗ, ಚಂದ್ರಣ್ಣ ಸಾರಾಯಿ ಕುಡಿದು ತೂರಾಡಿಕೊಂಡು ಬಂದಿದ್ದ. ಅಕ್ಕ ಬಾಗಿಲಿಗೆ ಅಡ್ಡ ನಿಂತು, 'ಈ ಹೊಸ್ತಿಲು ತುಳಿದ್ರೆ ನನ್ ಹೆಣ ತುಳಿದಂಗೆ' ಅಂದಿದ್ದಳು. ಅಲ್ಲಿಂದ ಇಷ್ಟು ವರ್ಷ ಮಾತಿಲ್ಲ. ಆಮೇಲೆ ಅವನು ಕುಡಿಯುವುದನ್ನು ಬಿಟ್ಟ. ಬಿಟ್ಟಿದ್ದಾನೆ ಎಂದು ಅಕ್ಕನಿಗೆ ನಾನು ಹೇಳಿದೆ, ಭಾವ ಹೇಳಿದರು. 'ಕುಡುಕನ ಮಾತು ಕಟ್ಟಿಕೊಂಡು ಏನಾಗಬೇಕು' ಎಂದು ಅಕ್ಕ ಅಲ್ಲಿಗೇ ಮುಗಿಸಿದ್ದಳು. ಅವನ ಬೀದಿಯಲ್ಲಿ ನನ್ನ ಮನೆ, ಅವಳ ಊರಿನಲ್ಲಿ ನನ್ನ ರಜೆ. ಇಬ್ಬರ ನಡುವೆ ಓಡಾಡಿ ನನಗೆ ಸಾಕಾಗಿತ್ತು.

ನಾನು ಪಕ್ಕದ ಕಿಟಕಿಯಿಂದ ಕೈ ಚಾಚಿದೆ.

'ಕೊಬ್ಬರಿ ಮಿಠಾಯಿ ಕಣಮ್ಮ. ಉಮಂಗೆ ಇಷ್ಟ,' ಅಂದ. 'ಅಕ್ಕ ಹೆಂಗವ್ಳೆ?'

'ಎದುರಿಗೇ ಇದ್ದಾಳೆ, ನೀನೇ ಕೇಳು.'

ಅವನು ಮುಚ್ಚಿದ ಕಿಟಕಿಯನ್ನು ನೋಡಿದ. ಗಾಡಿ ಹೊರಟಿತು.

ಲಂಡನ್

ಮೀರಜ್‌ನಲ್ಲಿ ಗಾಡಿ ಬದಲಿಸಿ, ಬೊಂಬಾಯಿಯಲ್ಲಿ ವಿಮಾನ ಹತ್ತಿ, ಲಂಡನ್ನಿನಲ್ಲಿ ಇಳಿಯುವಷ್ಟರಲ್ಲಿ ನನ್ನ ಕಾಲು ಬಾತು ಚಪ್ಪಲಿಗೆ ಹೋಗದಾಗಿತ್ತು. ವಿಮಾನದಲ್ಲಿ ಗಗನಸಖಿ ಗಾಡಿ ತಳ್ಳಿಕೊಂಡು ಬಂದು ಕುಡಿಯಲು ಏನು ಬೇಕು ಎಂದಾಗಲೆಲ್ಲ ಅಕ್ಕ ಸೆರಗನ್ನು ಮೂಗಿಗೆ ಹಿಡಿದಳು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕೆಂಪು ವೈನ್ ಕುಡಿದು ನಿದ್ದೆ ಹೋದಳು. 'ಅಯ್ಯೋ ಶಿವನೇ, ಹೆಂಗಸ್ರೂವೇ,' ಅಂದಳು ಅಕ್ಕ. ಸ್ವಲ್ಪ ಹೊತ್ತಿಗೆ ಎದೆ ಡವಗುಟ್ಟುತ್ತೆ ಎಂದು ಚೀಲದಿಂದ ಬಾಟ್ಲಿ ತೆಗೆದು ಲೋಟಕ್ಕೆ ಬಗ್ಗಿಸಿಕೊಂಡಳು.

ಕಸ್ಟಮ್ಸಿನವನು ನಮ್ಮ ಪೆಟ್ಟಿಗೆ ತೆಗೆಸಿದ. ಚೀಲದಲ್ಲಿ ಹಿಡಿಸದೆ ಅದರೊಳಗಿಟ್ಟಿದ್ದ ಒಂದು ಬಾಟ್ಲಿಯ ಬಿರಡೆ ಎದ್ದುಹೋಗಿ ನನ್ನ ಎರಡು ಒಳ್ಳೆಯ ಸೀರೆ ನೆಂದಿದ್ದವು. ಅವನು ಬಗ್ಗಿ ಮೂಸಿದ, ನಮ್ಮಿಬ್ಬರ ಹಣೆಯ ವಿಭೂತಿ ನೋಡಿದ, ಮತ್ತೆ ಮೂಸಿದ. ಏನಿದು ಎಂದ. ಔಷಧಿ ಎಂದೆ. 'ನಮ್ಮಜ್ಜಿಯೂ ಹಾಗೇ ಹೇಳುತ್ತಿದ್ದಳು' ಎಂದು ನಕ್ಕು ಪೆಟ್ಟಿಗೆ ಮುಚ್ಚಿದ.

'ಏನಂತೆ?' ಅಂದಳು ಅಕ್ಕ.

'ಅವರಜ್ಜಿಯೂ ತಗೋತಿದ್ರಂತೆ.'

'ನೋಡ್ದಾ, ಒಳ್ಳೇದು ಎಲ್ಲಾ ಕಡೆ ಇರ್ತದೆ,' ಅಂದಳು. ನನಗೆ ನನ್ನ ಸೀರೆಯ ಚಿಂತೆ.

ಲೀಡ್ಸ್

ಉಮಾ ಗಂಡುಮಗು ಹೆತ್ತಳು. ಇಂಗ್ಲೆಂಡಿನ ಬಾಣಂತಿ ಹೆರಿಗೆಯಾದ ಮರುದಿನ ಎದ್ದು ಸ್ನಾನ ಮಾಡಿ ಐಸ್‌ಕ್ರೀಂ ತಿನ್ನುತ್ತಾಳೆ. ಅಕ್ಕ ಅದನ್ನು ಆಸ್ಪತ್ರೆಯಲ್ಲಿ ಕಣ್ಣಾರೆ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು. ತನ್ನ ಮಗಳಿಗೆ ಮಾತ್ರ ನಮ್ಮ ಪ್ರಕಾರವೇ ಆಗಬೇಕು ಎಂದಳು.

ನಮ್ಮ ಪ್ರಕಾರ ಎಂದರೆ ಎಣ್ಣೆ ಒತ್ತಿ, ಹಂಡೆಗಟ್ಟಲೆ ಬಿಸಿನೀರನ್ನು ಸೊಂಟದ ಮೇಲೆ ಬೀಸಿ ಹೊಯ್ಯುವುದು. ಇಲ್ಲಿಯ ಬಚ್ಚಲು ಮಹಡಿಯ ಮೇಲೆ. ನೆಲಕ್ಕೆ ಕಂಬಳಿಯಂಥದ್ದು ಹಾಸಿದ್ದಾರೆ. ನೀರು ಹೋಗುವ ತೂಬೇ ಇಲ್ಲ, ಏಕೆಂದರೆ ಇವರ ಸ್ನಾನವೆಲ್ಲ ತೊಟ್ಟಿಯೊಳಗೇ ಮುಗಿಯುತ್ತದೆ. ಅಕ್ಕ ಉಮಾಳನ್ನು ಸ್ಟೂಲಿನ ಮೇಲೆ ಕೂರಿಸಿ ಬಕೆಟ್ಟಿನ ಮೇಲೆ ಬಕೆಟ್ಟು ಹೊಯ್ದಳು. ಕೆಳಗೆ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನ್ನ ತಲೆಯ ಮೇಲೆ ಸೂರಿನಿಂದ ಎಣ್ಣೆನೀರು ಇಳಿಯತೊಡಗಿತು. ಕಂಬಳಿ ಹಿಂಡಿದವಳು ನಾನು, ನೆಲ ಒರೆಸಿದವಳು ನಾನು. ಅಳಿಯಂದಿರು ಸಂಜೆ ಬಂದು ಸೂರು ನೋಡಿದರು. ಬಾಯಿ ಬಿಡಲಿಲ್ಲ, ಒಳ್ಳೆಯವರು.

ಸದ್ದು ಕೇಳಿ ಪಕ್ಕದ ಮನೆಯ ಐರಿನ್ ಎಂಬಾಕೆ ಒರೆಸುವ ಬಟ್ಟೆ ಹಿಡಿದು ಬಂದಳು. ಗಂಡ ಸತ್ತವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಯಾರು ಏನು ಎಂದು ಕೇಳದೆ ಮಂಡಿಯೂರಿ ನೆಲ ಒರೆಸಿದಳು. ಈ ದೇಶದಲ್ಲಿ ಜನ ಹೇಳಿಕಳಿಸದೆ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ, ಆದರೆ ನೀರು ಸೋರಿದರೆ ಬರುತ್ತಾರೆ ಎಂದು ಗೊತ್ತಾಯಿತು. ತರೀಕೆರೆಯಲ್ಲಾದರೆ ಬೀದಿಯೇ ಬರುತ್ತಿತ್ತು, ಒರೆಸುವವರು ಮಾತ್ರ ಇರುತ್ತಿರಲಿಲ್ಲ.

ಅಕ್ಕ ಉಮಾಳಿಗೂ ಟಾನಿಕ್ಕು ಕೊಡಲು ನೋಡಿದಳು. ಉಮಾ ಮೂಸಿ, ವಾಂತಿ ಬರುತ್ತದೆಂದು ಬೇಡವೆಂದಳು. ಉಳಿಯಿತು ಅಂತ ಅಕ್ಕ ತಾನೇ ಎರಡು ಹೊತ್ತು ಕುಡಿದಳು. ಚಳಿ ಬೇರೆ.

ಆಸ್ಪತ್ರೆ

ಒಂದು ಸೋಮವಾರ ಅಕ್ಕ ಉಪವಾಸವಿದ್ದಳು. ಲಿಂಗಪೂಜೆ ಮುಗಿಸಿ, ಖಾಲಿ ಹೊಟ್ಟೆಗೆ ಟಾನಿಕ್ಕು ಕುಡಿದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತವಳು ಇದ್ದಕ್ಕಿದ್ದಂತೆ 'ಮಂಗಳಾ, ಮಗು ಹಿಡ್ಕೊಳ್ಳೇ' ಅಂದಳು. ದನಿಯೇ ಬೇರೆ ಇತ್ತು. ಮಗುವನ್ನು ಹಿಡಿದುಕೊಂಡೆ. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಕೈ ಹಿಡಿದು ನೋಡಿದೆ. ನಾಡಿ ಎರಡು ಹೊಡೆದು ನಿಲ್ಲುತ್ತಿತ್ತು, ಆಮೇಲೆ ತಡಬಡಿಸಿ ಓಡುತ್ತಿತ್ತು. ಉಮಾ ಓಡಿಹೋಗಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಎದೆಗೆ ವಯರು ಹಚ್ಚಿ ಇ.ಸಿ.ಜಿ. ತೆಗೆಯಬೇಕು, ಕೊರಳಿನ ಸರ ತೆಗೆಯಿರಿ ಎಂದಳು ನರ್ಸ್ ಹುಡುಗಿ. ಅದು ಸರವಲ್ಲ, ಲಿಂಗದ ಕರಡಿಗೆ, ಜೀವವಿರುವವರೆಗೆ ತೆಗೆಯುವಂಥದ್ದಲ್ಲ ಎಂದು ನಾನು ನನ್ನ ಪಾಠದ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿ ಒಂದು ಕ್ಷಣ ಯೋಚಿಸಿದಳು. ಕರಡಿಗೆಯನ್ನು ಮುಟ್ಟದೆ, ಅಕ್ಕನ ಕೈಯಿಂದಲೇ ಅದನ್ನು ಹೆಗಲಿಗೆ ಏರಿಸಿ ಅಲ್ಲಿ ಪಟ್ಟಿ ಅಂಟಿಸಿದಳು. ಆ ಹುಡುಗಿಗೆ ಒಳ್ಳೆಯದಾಗಲಿ.

ಡಾಕ್ಟರೂ ಹೆಂಗಸೇ. ಎದೆಬಡಿತದ ಲಯ ತಪ್ಪಿದೆ ಎಂದು ಇ.ಸಿ.ಜಿ. ಕಾಗದದ ಮೇಲಿನ ಗೀಟು ತೋರಿಸಿದರು. ಮೊದಲಿನಿಂದ ಹೃದಯದ ಕಾಯಿಲೆ ಇದೆಯೇ, ಥೈರಾಯಿಡ್ ಇದೆಯೇ ಎಂದೆಲ್ಲ ಕೇಳಿ ಕೊನೆಗೆ, 'ಕುಡಿಯುತ್ತಾರೆಯೇ?' ಎಂದರು.

'ಇಲ್ಲವೇ ಇಲ್ಲ,' ಎಂದಳು ಉಮಾ. 'ನಮ್ಮ ಮನೆತನದಲ್ಲೇ ಯಾರೂ ಮುಟ್ಟಿದವರಲ್ಲ.' ಸೋದರಮಾವನನ್ನು ಅವಳು ಮನೆತನದಿಂದ ಬಿಟ್ಟೇ ಮಾತಾಡಿದಳು, ಅಮ್ಮ ಕಲಿಸಿದ ಹಾಗೆ.

'ಏನಂತೆ?' ಅಂದಳು ಅಕ್ಕ ಮಲಗಿದಲ್ಲಿಂದಲೇ. ಉಮಾ ಹೇಳಿದಳು. ಅಕ್ಕನಿಗೆ ಮುಖದಲ್ಲಿ ರಕ್ತ ಬಂತು. 'ಕೊರಳಲ್ಲಿ ಲಿಂಗ ಕಟ್ಕೊಂಡಿರೋಳ್ನ ಕೇಳೋ ಮಾತೇನೇ ಅದು?'

ಮಾತ್ರೆ ಕೊಟ್ಟರು. ಮಾರನೆಯ ದಿನಕ್ಕೆ ಬಡಿತ ದಾರಿಗೆ ಬಂತು, ಮನೆಗೆ ಬಂದೆವು. ಸುಸ್ತಾಗಿದೆ ಅಂತ ಅಕ್ಕ ಟಾನಿಕ್ಕು ಸ್ವಲ್ಪ ಜಾಸ್ತಿಯೇ ತೆಗೆದುಕೊಂಡಳು. ಮತ್ತೆ ಹಾಗೇ ಆಯಿತು, ಮತ್ತೆ ಆಸ್ಪತ್ರೆ. ಈ ಸಲ ಡಾಕ್ಟರು ಗಂಭೀರವಾದರು. ಹೃದಯ ಹೀಗೆ ಅದುರುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು, ಇದು ನಿಲ್ಲುವ ತನಕ ವಿಮಾನದ ಮಾತೇ ಬೇಡ ಎಂದರು. ಕಾರಣ ಸಿಕ್ಕುತ್ತಿಲ್ಲ ಎಂದೂ ಹೇಳಿದರು.

ಅಕ್ಕ ಸಾವಿಗೆ ಹೆದರುವವಳಲ್ಲ. ಅವಳು ಹೆದರಿದ್ದು ಬೇರೆಯದಕ್ಕೆ. 'ಇಲ್ಲಿ ಸತ್ರೆ ಕರೆಂಟಿನ ಒಲೇಲಿ ಸುಡ್ತಾರಂತೆ ಕಣೇ,' ಅಂದಳು. 'ನಂಗೆ ನಮ್ಮೂರ ಮಣ್ಣು ಬೇಕು. ಅಪ್ಪನ ಪಕ್ಕ ಜಾಗ ಐತೆ. ಹೆಂಗಾದ್ರೂ ಮಾಡಿ ಕರ್ಕೊಂಡು ಹೋಗು ಮಂಗಳಾ.' ನಾನು ಹೂಂ ಅಂದೆ. ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ ಅತ್ತೆ.

ಐರಿನ್ ಮನೆ

ಐರಿನ್ ನಮ್ಮಿಬ್ಬರನ್ನು ಚಹಾಕ್ಕೆ ಕರೆದಳು. ಬೆಕ್ಕು, ಗಡಿಯಾರ, ಸತ್ತ ಗಂಡನ ಫೋಟೋ, ಬೆಂಕಿಗೂಡು. ನಮಗೆ ಚಹಾ ಕೊಟ್ಟು, ತಾನು ಒಂದು ಚಿಕ್ಕ ಗಾಜಿನ ಲೋಟದಲ್ಲಿ ಕಂದು ಬಣ್ಣದ ಏನನ್ನೋ ಹಾಕಿಕೊಂಡಳು. ಶೆರಿ ಅಂತೆ, ಒಂದು ಬಗೆಯ ವೈನು, ದಿನಾ ಸಂಜೆ ಒಂದು. ಅದನ್ನು ಸ್ಟೂಲಿನ ಮೇಲಿಟ್ಟು ಬಿಸ್ಕತ್ತು ತರಲು ಒಳಗೆ ಹೋದಳು.

ಅಕ್ಕನ ಮೂಗು ಅರಳಿತು. ಬಗ್ಗಿ ಆ ಲೋಟವನ್ನು ಎತ್ತಿ ಮೂಸಿದಳು. ಮುಖವೆಲ್ಲ ಹಿಗ್ಗಿತು.

'ಮಂಗಳಾ, ಇದು ನಮ್ ಟಾನಿಕ್ಕು ಕಣೇ. ಇವಳೂ ತಗೋತಾಳೆ ನೋಡು.'

ಪರದೇಶಕ್ಕೆ ಬಂದ ಮೇಲೆ ಅವಳಿಗೆ ಪರಿಚಯದ ವಾಸನೆಯೊಂದು ಸಿಕ್ಕಿದ್ದು ಅದೇ ಮೊದಲು. ಐರಿನ್ ಬಂದ ಕೂಡಲೇ ನಮ್ಮದನ್ನೂ ತೋರಿಸಬೇಕು ಎಂದು ಮನೆಗೆ ಹೋಗಿ ಬಾಟ್ಲಿ ಮತ್ತು ಸ್ಟೀಲ್ ಲೋಟ ತಂದಳು. ಐರಿನ್ ಚಮಚದಷ್ಟು ಬಾಯಿಗೆ ಹಾಕಿಕೊಂಡು, ಚಪ್ಪರಿಸಿ, ನನ್ನ ಕಡೆ ತಿರುಗಿದಳು. 'ಇದು ವೈನೇ ಅಲ್ಲವೇ? ಎಷ್ಟು ತೆಗೆದುಕೊಳ್ಳುತ್ತಾರೆ?'

ನಾನು ಕೇಳಿದೆ. ಅಕ್ಕ ಲೋಟದ ಅರ್ಧಕ್ಕೆ ಬೆರಳಿಟ್ಟು ತೋರಿಸಿದಳು. ಸ್ವಲ್ಪ ತಡೆದು ಬೆರಳನ್ನು ಇನ್ನೂ ಮೇಲಕ್ಕೆ ಸರಿಸಿದಳು. ಸುಳ್ಳು ಹೇಳುವವಳಲ್ಲ ನಮ್ಮಕ್ಕ.

ಐರಿನ್ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ಗಂಡ ಹೋದ ಹೊಸತರಲ್ಲಿ ತಾನು ಸಂಜೆಗೆ ಮೂರು ನಾಲ್ಕು ಲೋಟ ಕುಡಿಯುತ್ತಿದ್ದೆ, ಎದೆ ಹೀಗೇ ತಾಳ ತಪ್ಪುತ್ತಿತ್ತು, ಡಾಕ್ಟರು ಬೈದು ಒಂದಕ್ಕೆ ಇಳಿಸಿದರು ಎಂದಳು. 'ನನ್ನ ಗಂಡ ಇದರ ಎರಡರಷ್ಟು ಕುಡಿಯುತ್ತಿದ್ದ. ಅವನಿಗೆ ಎದೆ ಹಾರುತ್ತಿರಲಿಲ್ಲ, ನನಗೆ ಹಾರುತ್ತಿತ್ತು,' ಎಂದಳು.

'ಏನಂತೆ?' ಅಂದಳು ಅಕ್ಕ, ಇನ್ನೂ ನಗುತ್ತಲೇ. ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. 'ಮನೆಗೆ ಹೋಗಿ ಹೇಳ್ತೀನಿ' ಎಂದೆ.

ಮನೆಯಲ್ಲಿ ಹೇಳಿದೆ. ಅಡುಗೆಮನೆಯಲ್ಲಿ, ಆ ಕಲೆಯಾದ ಸೂರಿನ ಕೆಳಗೆ.

'ಅದು ಔಷ್ದಿ,' ಅಂದಳು.

'ಔಷಧೀನೇ ಅಕ್ಕ. ಪಂಡಿತರು ಹೇಳಿದ್ದು ಊಟ ಆದ್ಮೇಲೆ ಎರಡು ಚಮಚ, ನೀರು ಬೆರೆಸಿ. ದ್ರಾಕ್ಷಿ ಕೊಳೆಸಿ ಮಾಡೋದು ಅದು. ಇಷ್ಟು ಕುಡಿದ್ರೆ ಹೆಂಡವೇ.'

'ಬಾಯ್ಮುಚ್ಚು.'

ಮುಚ್ಚಿದೆ. ಅಕ್ಕ ಮೇಜಿನ ಅಂಚು ಹಿಡಿದುಕೊಂಡು ಕೂತಳು. ಕೊನೆಗೆ ಕೇಳಿದಳು: 'ಹಂಗಾದ್ರೆ ನಾನೂ ಚಂದ್ರನೂ ಒಂದೇನಾ?'

ಅವಳು ಎದ್ದು ಮೇಲೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಊಟಕ್ಕೆ ಬರಲಿಲ್ಲ, ಮಗುವನ್ನೂ ಎತ್ತಿಕೊಳ್ಳಲಿಲ್ಲ. ಉಮಾ ಬಂದು, 'ಡಾಕ್ಟರಿಗೆ ಹೇಳೋದು ಬೇಡ ಚಿಕ್ಕಮ್ಮ, ಸುಮ್ನೆ ಬಾಟ್ಲಿ ಚೆಲ್ಲಿಬಿಡೋಣ. ಅಮ್ಮನ ಮರ್ಯಾದೆ ಏನಾಗುತ್ತೆ?' ಎಂದು ಪಿಸುಗುಟ್ಟಿದಳು. ನನಗೂ ಅದೇ ಸುಲಭ ಅನ್ನಿಸಿತ್ತು.

ಮತ್ತೆ ಆಸ್ಪತ್ರೆ

ಸುಲಭ ಬಿಟ್ಟವಳು ಅಕ್ಕನೇ. ಡಾಕ್ಟರ ಕೋಣೆಯಲ್ಲಿ ಕೂತ ಕೂಡಲೇ ಸೆರಗಿನ ಒಳಗಿಂದ ಸ್ಟೀಲ್ ಲೋಟ ತೆಗೆದು ಮೇಜಿನ ಮೇಲೆ ಟಕ್ಕೆಂದು ಇಟ್ಟಳು. ಬೆರಳಿನಿಂದ ಗುರುತು ಮಾಡಿದಳು. 'ಇಷ್ಟು. ದಿನಾ ಎರಡು ಹೊತ್ತು. ಸೋಮವಾರ ಮೂರು ಹೊತ್ತು, ಹಸಿದ ಹೊಟ್ಟೇಲಿ. ಹೇಳೇ ಮಂಗಳಾ.'

ಹೇಳಿದೆ. ಉಮಾ ಕಿಟಕಿಯ ಕಡೆ ನೋಡುತ್ತಿದ್ದಳು.

ಡಾಕ್ಟರು ಬೈಯಲಿಲ್ಲ, ನಗಲೂ ಇಲ್ಲ. ಮದ್ಯ ಹೃದಯದ ತಾಳ ತಪ್ಪಿಸುವುದುಂಟು, ಹೆಂಗಸರ ಮೈಗೆ ಅದು ಗಂಡಸರಿಗಿಂತ ಬೇಗ ಏರುತ್ತದೆ, ಖಾಲಿ ಹೊಟ್ಟೆಯಲ್ಲಂತೂ ಕೇಳುವುದೇ ಬೇಡ ಎಂದರು. ಇದೊಂದೇ ಕಾರಣ ಎಂದು ಆಣೆ ಮಾಡಲಾರೆ, ನನ್ನ ಕಣ್ಣೆದುರಿಗೇ ನಿಧಾನವಾಗಿ ಬಿಟ್ಟು ನೋಡೋಣ ಎಂದರು. ಅಕ್ಕ ಒಂದೇ ಒಂದು ಪ್ರಶ್ನೆ ಕೇಳಿಸಿದಳು: ಗೊತ್ತಿಲ್ಲದೆ ಕುಡಿದರೂ ಕುಡಿದ ಹಾಗೆಯೋ? ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಡಾಕ್ಟರು ಅಕ್ಕನ ಮುಖವನ್ನೇ ನೋಡಿ, 'ಹೃದಯಕ್ಕೆ ಅದು ಗೊತ್ತಾಗುವುದಿಲ್ಲ' ಎಂದರು.

ಬಿಡುವುದು ಬಾಯಲ್ಲಿ ಹೇಳಿದಷ್ಟು ಸಲೀಸಾಗಿರಲಿಲ್ಲ. ಸಂಜೆಯಾದರೆ ಅಕ್ಕ ಅಡುಗೆಮನೆಗೆ ಬರುತ್ತಿದ್ದಳು, ಕಪಾಟು ತೆಗೆಯುತ್ತಿದ್ದಳು, ಮುಚ್ಚುತ್ತಿದ್ದಳು. ವಿನಾಕಾರಣ ನನ್ನ ಮೇಲೆ ಹರಿಹಾಯುತ್ತಿದ್ದಳು. ಅಷ್ಟು ದೂರ ಹೋಗಿ ನಾನು ನೋಡಿದ ಇಂಗ್ಲೆಂಡು ಎಂದರೆ ಅದೇ ಅಡುಗೆಮನೆ. ಕಿಟಕಿಯಾಚೆ ಕಪ್ಪು ಇಟ್ಟಿಗೆಯ ಗೋಡೆ, ಒಣಗದ ಬಟ್ಟೆ, ಒಳಗೆ ಅಕ್ಕ. ಯಾರಾದರೂ ಅರಮನೆ ನೋಡಿದಿರಾ ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಆದರೆ ನಾಡಿ ನೆಟ್ಟಗಾಯಿತು. ಸೋಮವಾರಗಳು ಬಂದವು, ಹೋದವು. ಅಕ್ಕ ಮತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಒತ್ತಿದಳು. ಹೊಸ ಗೀಟು ನೋಡಿದ ಡಾಕ್ಟರು ಇನ್ನು ಊರಿಗೆ ಹೋಗಬಹುದು ಎಂದರು. ಹೊರಡುವ ದಿನ ಐರಿನ್ ಬಂದಳು. ಅಕ್ಕ ಅವಳಿಗೆ ಆ ಸ್ಟೀಲ್ ಲೋಟವನ್ನೇ ಕೊಟ್ಟಳು, ಹೂವಿಡಲಿ ಅಂತ.

ಅಜ್ಜಂಪುರ

ಬೊಂಬಾಯಿ, ಮೀರಜ್, ಮತ್ತೆ ಅದೇ ಮರದ ಸೀಟು, ಅದೇ ಸೊಂಟ. ದಾವಣಗೆರೆ ದಾಟಿದ ಮೇಲೆ ಅಕ್ಕ ಮಾತು ನಿಲ್ಲಿಸಿದಳು. ಹೊಸದುರ್ಗ ರೋಡ್ ದಾಟಿದ ಮೇಲೆ ಸೀರೆ ಸರಿಮಾಡಿಕೊಂಡಳು.

ಅಜ್ಜಂಪುರದಲ್ಲಿ ಗಾಡಿ ನಿಂತಿತು. 'ಇಳಿಯೇ,' ಅಂದಳು.

'ಅಕ್ಕ, ಬೀರೂರಲ್ಲಿ ಭಾವ ಕಾರು ಮಾಡಿಕೊಂಡು ಬಂದು ಕಾಯ್ತಿರ್ತಾರೆ.'

'ಕಾಯ್ಲಿ ಬಿಡು.'

ಪೆಟ್ಟಿಗೆಗಳನ್ನು ಇಳಿಸಿದವಳು ನಾನು. ಜಟಕಾದವನು ಸೈಕಲ್ ಶಾಪಿನ ಮುಂದೆ ನಿಲ್ಲಿಸಿದ. ಚಂದ್ರಣ್ಣ ಚಕ್ರವೊಂದನ್ನು ತಲೆಕೆಳಗು ಮಾಡಿ ತಿರುಗಿಸುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತ, ಚಕ್ರ ತಿರುಗುತ್ತಲೇ ಇತ್ತು. ಯಾರೋ ಸತ್ತಿದ್ದಾರೆ ಎಂದುಕೊಂಡನೋ ಏನೋ, ನನ್ನ ಮುಖ ನೋಡಿದ. ನಾನು ಇಲ್ಲವೆಂದು ತಲೆಯಾಡಿಸಿದೆ.

ಅಕ್ಕ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತಳು. ನೆಲ ನೋಡುತ್ತಾ ಹೇಳಿದಳು.

'ಲೇ ಚಂದ್ರ. ನಾನೂ ಕುಡೀತಿದ್ದೆ ಕಣೋ. ಆ ಟಾನಿಕ್ಕು. ಗೊತ್ತಿರ್ಲಿಲ್ಲ. ಎದೆ ಕೆಟ್ಟೋಗಿತ್ತು.'

ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿದ, ಮತ್ತೆ ಒರೆಸಿದ.

'ಈಗ ಬಿಟ್ಟಿದ್ದೀಯೇನಕ್ಕ?'

'ಬಿಟ್ಟೆ.'

'ಸಾಯಂಕಾಲ ಕಷ್ಟ ಆಯ್ತದಲ್ವಾ?'

ಅಕ್ಕ ತಲೆಯೆತ್ತಿದಳು. ಅದನ್ನು ಲೀಡ್ಸಿನಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. 'ಆಯ್ತದೆ ಕಣೋ,' ಅಂದಳು. 'ದೀಪ ಹಚ್ಚೋ ಹೊತ್ಗೆ ಕೈ ತಾನಾಗೇ ಹುಡುಕ್ತದೆ.'

'ಹೂಂ. ನಂಗೂ. ಇವತ್ಗೂ.'

'ಇಷ್ಟು ವರ್ಷ ಆದ್ರೂನಾ?'

'ಹೂಂ.'

'ಒಬ್ನೇ ಬಿಟ್ಯಲ್ಲೋ,' ಅಂದಳು ಅಕ್ಕ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು. 'ಒಬ್ನೇ ಕೂತ್ಕೊಂಡು ಬಿಟ್ಯಲ್ಲೋ ನನ್ನಪ್ಪಾ.'

ಚಂದ್ರಣ್ಣ ಬೆಂಚಿನ ಆ ತುದಿಯಲ್ಲಿ, ಅವಳ ಸೀರೆಗೆ ಗ್ರೀಸು ತಾಗದಷ್ಟು ದೂರದಲ್ಲಿ ಕೂತ. ಅಕ್ಕನೇ ಸರಿದು ಹತ್ತಿರ ಕೂತಳು. ದೀಪ ಹಚ್ಚುವ ಹೊತ್ತಾಗುತ್ತಿತ್ತು. ನಾನು ಒಳಗೆ ಹೋಗಿ ಸ್ಟೋವ್ ಹಚ್ಚಿ ಮೂವರಿಗೂ ಕಾಫಿಗೆ ನೀರಿಟ್ಟೆ.